ಫ್ರೇಮಷ್ಟೇ ಹೋತು

೪ ಫೆಬ್ರುವರಿ ೧೯೮೧, ರಾಯಚೂರು

ಮುಂಜಾನೆದ್ದು ಬ್ರಷ್ ತೊಳದೆ. ಸೀಮಿಎಣ್ಣಿ ವಾಸನಿ ಕೈಬಿಟ್ಟು ಹೋಗವಲ್ದು. ಕಲ್ಮಲದ ಕುರಿಗಾರ ಬೂದೆಪ್ಪನ ಚಿತ್ರ ಮುಗೀತು. ನನ್ನ ಚಿತ್ರದಾಗ ದೇವ್ರಿಲ್ಲ, ಹೀರೋ ಇಲ್ಲ — ನಮ್ಮ ಕಡೀ ಮಂದಿ, ಅಷ್ಟ. ಲಾಲ್ ಸಾಬನ ಸಿನಿಮಾ ಬ್ಯಾನರ್ ಅಂಗಡಿ ಬಿಟ್ಟು ವರ್ಷಾತು. ಈಗ ನನ್ನ ಚಿತ್ರ, ನನ್ನ ಸಹಿ. ಭಾನುವಾರ ಮಾನ್ವಿ ಸಾಲಿಯಾಗ ಪ್ರದರ್ಶನ. ಹೋದ ಸಲ ದೇವದುರ್ಗದಾಗ ಒಬ್ರೂ ಬರ್ಲಿಲ್ಲ. ಹಂಗ ಆಗಬಾರದು.

೮ ಫೆಬ್ರುವರಿ, ಮಾನ್ವಿ

ಬಂದವರು ನೆರಳಿಗಿ ಬಂದವರು. ಒಬ್ಬಾಂವ ಕೇಳ್ದ — "ಲಕ್ಷ್ಮಿ ಫೋಟೊ ಇಲ್ಲೇನ್ರಿ?"

ಸಂಜಿಮುಂದ ರೈಸ್ ಮಿಲ್ಲಿನ ಶರಣಯ್ಯನವರು. ಬೂದೆಪ್ಪನ ಚಿತ್ರದ ಮುಂದ ನಿಂತ್ರು. "ಇದು ಕೊಡ್ರಿ" ಅಂದ್ರು. ಪೇಪರ್ ಸುತ್ತಾಕ ಹೋದೆ.

"ಚಿತ್ರ ತಗದು ನೀವ ಇಟ್ಕೊರ್ರಿ. ಫ್ರೇಮ್ ಚೊಲೋ ಅದ. ನಮ್ಮ ತಂದಿಯವರ ಫೋಟೊಕ್ಕ ಸರಿಯಾಗ್ತದ."

ಮೊಳಿ ಕಿತ್ತೆ. ಕೊಟ್ಟೆ. ಥ್ಯಾಂಕ್ಸ್ ಅಂತ ಬ್ಯಾರೆ ಅಂದೆ!

೯ ಫೆಬ್ರುವರಿ

"ಹೆಂಗಾತ್ರಿ?" ಹೆಂಡ್ತಿ ಬಸವಂತಮ್ಮ ಬಾಗಿಲದಾಗ ನಿಂತು ಕೇಳಿದ್ಲು. "ಒಂದು ಹೋತು" ಅಂದೆ. ಖುಷಿಲೇ ಬೆಲ್ಲ ಹಾಕಿ ಸಜ್ಜಕ ಮಾಡಿದ್ಲು. ಹೋಗಿದ್ದು ಫ್ರೇಮಷ್ಟೇ ಅಂತ ಹೇಳದ ತಿಂದೆ...

೨೬ ಫೆಬ್ರುವರಿ

ಬ್ರಷ್ ಮುಟ್ಟಿಲ್ಲ. ಸಂತಿಯಾಗ ಲಾಲ್ ಸಾಬ್ ಸಿಕ್ಕ. "ಬಂದುಬಿಡು ವಿರೂಪಣ್ಣ. ನಿನ್ನಂಗ ಕಣ್ಣು ಬರಿಯೋರು ಸಿಗವಲ್ರು." ಪ್ರೀತಿಲೇ ಅಂದ. ಅದಕ್ಕ ಹೆಚ್ಚು ಚುಚ್ಚಿತು. ನಲವತ್ತಾತು ನನಗ. ಯಾರಿಗೂ ಬ್ಯಾಡಾದ ಚಿತ್ರ, ಯಾರಿಗೂ ಬ್ಯಾಡಾದ ಮನಶ್ಯಾ. ಮುಂಜಾನಿ ಯಾಕರ ಆಗ್ತದೋ ಅನಿಸ್ತದ.

೩ ಮಾರ್ಚ್

ಜಳಕದ ನೀರೊಲಿಗಿ ಚಿತ್ರ ಹಾಕಿದೆ. ಎಣ್ಣಿ ಬಣ್ಣ, ಭಗ್ ಅಂತ ಹತ್ತಿದವು. ಬೂದೆಪ್ಪ ಹೋದ. ಮತ್ತೊಂದು ಹಾಕೋದ್ರಾಗ ಬಸವಂತಮ್ಮ ಓಡಿ ಬಂದ್ಲು. ಬರಿಗೈಲೇ ಎಳದ್ಲು. ಕೈಬಟ್ಟು ಸುಟ್ವು.

"ಬಿಡು! ಯಾರಿಗಿ ಬೇಕಾಗ್ಯಾವ?"

"ನನಗ ಬೇಕು." ಗಿಲ್ಲೆಸುಗೂರಿನಾಗ ಬಸ್ಸಿಗಿ ಕಾಯೋ ಹೆಣ್ಮಗಳ ಚಿತ್ರ ಅದು. "ನೀವು ಹೊರಗ ಹೋದಮ್ಯಾಲ ದಿನಾ ನೋಡ್ತೀನ್ರಿ. ಬಸ್ಸು ಬರ್ತದೋ ಇಲ್ಲೋ ಅಂತ ಜೀವ ಹೊಯ್ದಾಡ್ತದ."

"ಒಂದಿನಾನೂ ಹೇಳ್ಲಿಲ್ಲಲ್ಲ?"

"ನೀವು ಕೇಳಿದ್ರೇನು? ಮಾನ್ವಿಯವರನ್ನ ಕೇಳಿದ್ರಿ, ದೇವದುರ್ಗದವರನ್ನ ಕೇಳಿದ್ರಿ."

ಆಕಿ ಕೈಗಿ ಬೆಣ್ಣಿ ಹಚ್ಚಿದೆ.

೨೨ ಮಾರ್ಚ್, ಭಾನುವಾರ

ಹೋದ ಸೋಮವಾರದಿಂದ ಮತ್ತ ಲಾಲ್ ಸಾಬನ ಅಂಗಡಿ. ಸೋತೆ. ಅದಕ್ಕ ಬ್ಯಾರೆ ಹೆಸರು ಕೊಡಂಗಿಲ್ಲ. ನಿನ್ನಿ ಟಾಕೀಜ್ ಮುಂದ ನಾ ಬರದ ಹೀರೋನ ಮುಖಕ್ಕ ಮಂದಿ ಸೀಟಿ ಹೊಡದ್ರು. ಕೆಳಗ ನನ್ನ ಹೆಸರಿಲ್ಲ. ಏನೂ ಅನಿಸ್ಲಿಲ್ಲ.

ಇವತ್ತು ಸೂಟಿ. ಬಸವಂತಮ್ಮ ಜ್ವಾಳ ಹಸನ ಮಾಡಾಕತ್ತಿದ್ಲು. ಬಣ್ಣ ಕಲಸಿ ಆಕಿನ್ನ ಬರ್ಯಾಕ ಕುಂತೆ. ಮಾರಾಕಲ್ಲ, ತೂಗು ಹಾಕಾಕಲ್ಲ. ಅರ್ಧ ಆದಮ್ಯಾಲ ಕೇಳಿದೆ — "ಹೆಂಗ ಬರಾಕತ್ತದ?" ಎದ್ದು ಬಂದು ಬಾಳ ಹೊತ್ತು ನೋಡಿದ್ಲು.

"ಮೂಗು ನಂದಲ್ರಿ."

ಒರಸಿ ತಗದೆ. ಮತ್ತ ಬರದೆ. "ಇದೂ ಅಲ್ರಿ" ಅಂದ್ಲು, ನಕ್ಕೊಂತ. ಬೆಳಕು ಇಳ್ಯಾಕತ್ತದ. ಇನ್ನೊಂದು ಸಲ ನೋಡ್ತೀನಿ. ಕೈಯಾಗಿನ ಬಣ್ಣ ಈ ಡೈರಿ ಹಾಳಿಗೂ ಹತ್ತಾಕತ್ತದ. ಕರ್ಯಾಕತ್ತಾಳ —