ಬಾರ್ಟ್ಲಿಯ ಎಡಗಡೆ

ಜೂನ್ 2, ಭಾನುವಾರ

ಚರ್ಚು ಮುಗಿಸಿ ಎಂದಿನಂತೆ ಫೆಸ್ಟಿಯ ಪಬ್ಬಿಗೆ. ಎಂದಿನ ಮೂಲೆ, ಎಂದಿನ ಬೆಂಚು. ಎದುರಿಗೆ ಹೊಸದೊಂದು ಅನಿಷ್ಟ — ಹಲಗೆ ಜೋಡಿಸಿದ ವೇದಿಕೆ, ಅದರ ಮೇಲೊಂದು ಮೈಕು.

"ಇದೇನೋ, ಚುನಾವಣೆಗೆ ನಿಂತಿದೀಯಾ?" ಅಂದೆ.

"ಬಸ್ಸಲ್ಲಿ ಬರೋ ಟೂರಿಸ್ಟ್‌ಗಳಿಗೆ ಹಿಂದೆ ಕೂತ್ರೆ ಹಾಡು ಕೇಳ್ಸಲ್ಲ, ನ್ಯಾನ್. ಶುರು ಮಾಡ್ಬೇಡ ಈಗ."

ಶುರು ಮಾಡದೆ ಇರುವುದು ಹೇಗೆ? ಎಪ್ಪತ್ತನಾಲ್ಕನೇ ಇಸವಿಯಲ್ಲಿ ಇವನಪ್ಪ, ನಾಣ್ಯ ಹಾಕಿದರೆ ಹಾಡುವ ಪೆಟ್ಟಿಗೆ ತಂದು ಇದೇ ಮೂಲೆಯಲ್ಲಿ ಇಟ್ಟಿದ್ದ. ಆಗಲೂ ಬೈದಿದ್ದೆ. ಉಪ್ಪುಗಾಳಿಗೆ ತುಕ್ಕು ಹಿಡಿದು ಸತ್ತಿತು. ಈ ಊರಿನ ಗಾಳಿಗೆ ಒಳ್ಳೆಯ ಅಭಿರುಚಿ.

ನಮ್ಮೂರ ಹಾಡುಗಾರ ಬಾರ್ಟ್ಲಿ ಬಂದ. ಕುಡಿದ. ಹಾಡಲಿಲ್ಲ. ಅವನಣ್ಣ ಕೋಲ್ಮನ್ ಜನವರಿಯಲ್ಲಿ ತೀರಿಹೋದ ಮೇಲೆ ಒಂದು ಸಾಲೂ ಇಲ್ಲ. ಬಾರ್ಟ್ಲಿ ಕಣ್ಣು ಮುಚ್ಚಿ ಹಾಡುವಾಗ ಎಡಪಕ್ಕದಲ್ಲಿ ಕೂತು, ಅವನ ಕೈ ಹಿಡಿದು, ನೂಲು ಸುತ್ತುವ ಹಾಗೆ ಮೆಲ್ಲಗೆ ತಿರುಗಿಸುತ್ತಿದ್ದವನು ಕೋಲ್ಮನ್. ನಮ್ಮಲ್ಲಿ ಹಾಡುವವರನ್ನು ಒಂಟಿ ಬಿಡುವುದಿಲ್ಲ. ಅವರಪ್ಪನಿಂದ ಬಂದ ದೊಡ್ಡ ಹಾಡುಗಳು ಪೂರ್ತಿ ಗೊತ್ತಿರುವುದು ಈಗ ಬಾರ್ಟ್ಲಿಯೊಬ್ಬನಿಗೇ. ಅವನ ಬಾಯಿ ಮುಚ್ಚಿದರೆ ಅವೂ ಮುಗಿದ ಹಾಗೆ...

ಊಟಕ್ಕೆ ಬಂಗಡೆ, ಹೊಸ ಆಲೂಗಡ್ಡೆ, ಬೆಣ್ಣೆ. ಅದೊಂದು ಸರಿಯಾಗಿದೆ ದೇಶದಲ್ಲಿ.

ಜೂನ್ 4, ಬೆಳಗ್ಗೆ

ಪತ್ರಿಕೆಗೆ ಪತ್ರ. 'ಮಾನ್ಯರೇ, ಹಾಡನ್ನು ಮೈಕಿನ ಕಂಬಕ್ಕೆ ಕಟ್ಟಿಹಾಕುವ ಈ ಕಾಲದಲ್ಲಿ...' ಕವಿಗಳು, ಕ್ಷಾಮ, ಬ್ರಿಟಿಷರು ಎಲ್ಲ ಅದರಲ್ಲಿ ಬಂದಾಯಿತು. ಫೆಸ್ಟಿ ಇನ್ನೂ ಬರಬೇಕು. ವರ್ಷಗಟ್ಟಲೆ ಲೈಬ್ರರಿ ವ್ಯಾನು ಓಡಿಸಿ ಈ ಕರಾವಳಿಯ ಮನೆಮನೆಗೂ ಪುಸ್ತಕ ಮುಟ್ಟಿಸಿದವಳು. ಅಷ್ಟು ಬೈಯುವ ಹಕ್ಕು ನನಗಿದೆ.

ಬಿಸಿಲು. ಚಳಿಗಾಲದ ಒಲೆಗೆ ಜೌಗುನೆಲದಿಂದ ಕಡಿದಿಟ್ಟ ಟರ್ಫ್ ಮಣ್ಣಿನ ಹೆಂಟೆಗಳನ್ನು ಒಣಗಲು ನಿಲ್ಲಿಸಿ ಬಂದೆ. ಸೊಂಟ ಹಿಡಿದಿದೆ. ಮನಸ್ಸು ಹಗುರ.

ಜೂನ್ 9, ಭಾನುವಾರ

ಬಸ್ಸು ಬಂತು. ಫೆಸ್ಟಿ ಬಾರ್ಟ್ಲಿಯನ್ನು ಪುಸಲಾಯಿಸಿ ವೇದಿಕೆ ಹತ್ತಿಸಿದ. ಬಲಗೈಗೆ ಮೈಕು ಕೊಟ್ಟ. ಎಡಗೈ ಪಕ್ಕದ ಗಾಳಿಯಲ್ಲಿ ಏನನ್ನೋ ತಡಕಿತು. ಎರಡು ಸಾಲು ಹಾಡಿದ. ನಿಂತ. ಮೈಕನ್ನು ಫೆಸ್ಟಿಗೆ ವಾಪಸ್ ಕೊಟ್ಟು, "ತಣ್ಣಗಿದೆ ಕಣೋ ಇದು" ಅಂದ. ಟೋಪಿ ಹಾಕಿಕೊಂಡು ಹೊರಟೇಹೋದ.

"ಮುಂದಿನ ಹಾಡು ಎಷ್ಟು ಗಂಟೆಗೆ?" ಬಸ್ಸಿನ ಡಚ್ ಹೆಂಗಸು ನನ್ನನ್ನು ಕೇಳಿದಳು.

ಪಾಪ, ಅವಳಿಗೇಕೆ ಬೈಯಲಿ. ಫೆಸ್ಟಿಗೆ ಬೈದೆ. ಎರಡು ಪಾಲು.

ಜೂನ್ 18

ಹೋದ ಭಾನುವಾರ ಬಾರ್ಟ್ಲಿ ಪಬ್ಬಿಗೇ ಬರಲಿಲ್ಲ. ಇವತ್ತು ಅವನ ಮನೆಗೆ ಹೋದೆ, ಸೋಡಾ ಬ್ರೆಡ್ ನೆಪ. ಹಾಡಿನ ಮಾತು ಎತ್ತಲಿಲ್ಲ, ಎತ್ತಬಾರದು. ದೋಣಿ, ಹವಾಮಾನ, ಹೊಸ ಪಾದ್ರಿಯ ಕಾರು. ಹೊರಡುವಾಗ ಅವನೇ ಅಂದ —

"ಗಂಟಲು ಸರಿಯಿದೆ, ನ್ಯಾನ್. ಎಡಗಡೆ ಖಾಲಿ."

ಬ್ರೆಡ್ಡಿನ ಖಾಲಿ ಬುಟ್ಟಿ ಹಿಡಿದು ಮನೆಗೆ ನಡೆದೆ. ಇಷ್ಟೆಲ್ಲ ಓದಿ ಏನು ಬಂತು.

ಜೂನ್ 23, ಭಾನುವಾರ, ಸಂಜೆ

ವೇದಿಕೆ ಇಲ್ಲ! ಹಲಗೆಗಳೆಲ್ಲ ಅಂಗಳದಲ್ಲಿ, ಇವತ್ತಿನ ಸಂತ ಯೋಹಾನನ ಹಬ್ಬದ ಬೆಂಕಿಗೆ.

"ತೆಗ್ದೆ. ಸಮಾಧಾನ ಆಯ್ತಾ ತಾಯಿ?" ಅಂದ ಫೆಸ್ಟಿ.

ಆಗಬಹುದಿತ್ತು. ಆದರೆ ನನ್ನ ಬಳಿ ಪತ್ರದ ಹೊಸ ಪುಟಗಳಿದ್ದವು. ಅವನಪ್ಪನ ಪೆಟ್ಟಿಗೆಯಿಂದ ಶುರು ಮಾಡಿದೆ. ಕಲೆಯನ್ನು ಕೊಲ್ಲುವವರು ಹೊರಗಿನವರಲ್ಲ, ನಾವೇ ಅಂದೆ. ಕೇಳುವ ಗುಣವೇ ಸತ್ತಿದೆ ಅಂದೆ. ಫೆಸ್ಟಿ ಎದುರಾಡಲಿಲ್ಲ. ನನ್ನನ್ನು ನೋಡುತ್ತಲೂ ಇರಲಿಲ್ಲ.

"ನ್ಯಾನ್..."

"ಮಾತಾಡ್ತಿದೀನಿ ನಾನು!"

"ಅದೇ ಕಷ್ಟ ಆಗಿರೋದು. ಸ್ವಲ್ಪ ಪಕ್ಕಕ್ಕೆ ನೋಡು."

ಬೆಂಚಿನ ಮೇಲೆ, ನನ್ನ ಗ್ಲಾಸಿನ ಪಕ್ಕ, ಒಂದು ಕೈ. ಅಂಗೈ ಮೇಲಾಗಿ. ಬಾರ್ಟ್ಲಿ ಯಾವಾಗ ಬಂದು ಕೂತನೋ, ಕಣ್ಣು ಆಗಲೇ ಮುಚ್ಚಿದ್ದ. ಇಡೀ ಪಬ್ಬು ಉಸಿರು ಹಿಡಿದು ಕಾಯುತ್ತಿತ್ತು — ನಾನು ಬಾಯಿ ಮುಚ್ಚಲಿ ಅಂತ. ಬಸ್ಸಿನವರಿಗೂ ಅರ್ಥವಾಗಿತ್ತು.

ಹಿಡಿದೆ. ತಿರುಗಿಸಿದೆ.

"ನಿಧಾನ ಮಾರಾಯ್ತಿ. ಬಾವಿ ನೀರು ಸೇದ್ತಿಲ್ಲ ನಾವು" ಅಂದ ಬಾರ್ಟ್ಲಿ.

ನಗು. ಆಮೇಲೆ ಹಾಡು. ಮುಳುಗಿದ ದೋಣಿಯವರದು, ಅವನಪ್ಪನದು, ಮೊದಲಿಂದ ಕೊನೆಯವರೆಗೆ. ಎಲ್ಲಿ ನಿಲ್ಲುತ್ತಾನೆ, ಎಲ್ಲಿ ಏರುತ್ತಾನೆ ಎಂಬುದು ಕಿವಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು. ಇಷ್ಟು ವರ್ಷ ಇದೇ ಮೂಲೆಯಲ್ಲಿ ಕೂತು ಕೇಳಿದ್ದೆ, ಇದು ಗೊತ್ತೇ ಇರಲಿಲ್ಲ.

"ದೇವ್ರು ನಿನ್ ಜೊತೆ ಇರ್ಲಿ, ಬಾರ್ಟ್ಲಿ!" ಹಿಂದಿನಿಂದ ಕೂಗಿದವನು ಫೆಸ್ಟಿ.

ಮುಗಿದರೂ ಕೈ ಬಿಡಲಿಲ್ಲ. ಇನ್ನೊಂದು. ಮತ್ತೊಂದು. ನನ್ನ ಬಲಗೈ ಈಗ ಪೆನ್ನು ಹಿಡಿಯಲು ಒಲ್ಲೆ ಅನ್ನುತ್ತಿದೆ. ಪತ್ರ ಅರ್ಧಕ್ಕೇ ಬಿದ್ದಿದೆ. ಬಿದ್ದಿರಲಿ.

ಪಬ್ಬಿನಲ್ಲೇ ಕೂತು ಬರೆಯುತ್ತಿದ್ದೇನೆ; ಕಿಟಕಿಯಾಚೆ ಹಲಗೆಗಳಿಗೆ ಬೆಂಕಿ ಹತ್ತಿತು. ಒಳ್ಳೆಯ ಮರ, ಚೆನ್ನಾಗಿ ಉರಿಯುತ್ತಿದೆ. ಬಾರ್ಟ್ಲಿ ಕಲ್ಲಿನ ಮೇಲೆ ಕೂತಿದ್ದಾನೆ, ಟೋಪಿ ತೆಗೆದಿದ್ದಾನೆ. ಮತ್ತೆ ಶುರು ಮಾಡುವ ಹಾಗಿದೆ. ಹೋಗಬೇಕು, ಅವನ ಎಡಗಡೆ —