ಸ್ಟೀರಿಂಗ್ ಮೇಲಿನ ಬೆರಳು

ಅಕ್ಕಾ,

ಈ ಕಾರ್ಡಿನ ಚಿತ್ರದಲ್ಲಿ ಹಸಿರಾಗಿ ಕಾಣುವುದೆಲ್ಲ ಬಣ್ಣ ಹಚ್ಚಿದ್ದು, ನಂಬಬೇಡ. ನಮ್ಮ ಈ ಒಣ ಕೌಂಟಿಯಲ್ಲಿ ಎದುರು ಗಾಡಿ ಬಂದರೆ ಸ್ಟೀರಿಂಗ್ ಬಿಡದೆ ಒಂದು ಬೆರಳು ಎತ್ತಬೇಕು, ಅದೇ ಇಲ್ಲಿನ ನಮಸ್ಕಾರ. ಮಾತು ಬಿಟ್ಟವರೂ ಎತ್ತುತ್ತಾರೆ. ಓರಿನ್ ಸ್ಟ್ರೋಬಲ್‌ಗೆ ಮಾತ್ರ ಯಾರೂ ಎತ್ತುತ್ತಿರಲಿಲ್ಲ. ತನ್ನ ಬಾವಿಯ ನೀರನ್ನು ನಗರಕ್ಕೆ ಮಾರಿದ ಮೊದಲಿಗ ಅವನು. ಹೋದ ಚಳಿಗಾಲದಲ್ಲಿ ಸತ್ತ. ಅವನ ಮಣ್ಣಿಗೆ ನಮ್ಮ ಅತ್ತೆ ವರ್ನಾ ಕೂಡ ಹೋಗಲಿಲ್ಲ.

ಅತ್ತೆ ಈಗ ಕೌಂಟಿಯ ಆಡಳಿತ ಮಂಡಳಿಯ ಸದಸ್ಯೆ. ಸೋಮವಾರದ ಸಭೆಯಲ್ಲಿ ಕೌಂಟಿಯ ಉಳಿದ ನೀರನ್ನೂ ನಗರಕ್ಕೆ ಮಾರುವುದಕ್ಕೆ ಕೈ ಎತ್ತಿಬಿಟ್ಟರು. ಕೂಗಾಡಿದವರಿಗೆ, "ಸ್ಕೂಲು ಉಳೀಬೇಕಲ್ಲ, ದುಡ್ಡು ನಿಮ್ಮಪ್ಪ ಕೊಡ್ತಾನಾ?" ಎಂದರು.

ನಿನ್ನೆ ಸಂಜೆ ಕೋಳಿಮೇವು ತರಲು ಇಬ್ಬರೂ ಹೋಗಿದ್ದೆವು. ಎದುರು ಬಂದ ಪ್ರತಿ ಗಾಡಿಗೂ ಅತ್ತೆ ಬೆರಳು ಎತ್ತಿದರು. ಯಾರೂ ತಿರುಗಿ ಎತ್ತಲಿಲ್ಲ, ಪಾದ್ರಿ ಕೂಡ.

"ಬಿಸಿಲು ಕಣ್ಣಿಗೆ ಹೊಡೀತಿದೆ ಪಾಪ, ಅವ್ರಿಗೆ," ಎಂದರು ಅತ್ತೆ. ಬಿಸಿಲು ಎದುರಿನಿಂದ ಬಂದವರ ಬೆನ್ನಿಗಿತ್ತು.

ಓರಿನ್‌ನ ಬೇಲಿಯ ಹತ್ತಿರ ಅವನ ನೀಲಿ ಪಿಕಪ್ ಎದುರಾಯಿತು. ಅವನು ಸತ್ತ ಮೇಲೆ ಅದನ್ನು ಗುಜರಿಯವರು ಒಡೆದು ಹಾಕಿದ್ದನ್ನು ನಾನೇ ನೋಡಿದ್ದೆ. ಗಾಜಿನ ತುಂಬ ಧೂಳು. ಒಳಗೆ, ಸ್ಟೀರಿಂಗ್ ಮೇಲೆ, ಒಂದು ಬೆರಳು ನಿಧಾನವಾಗಿ ಎದ್ದಿತು.

"ಯಾರತ್ತೆ ಅದು?"

"ಸುಮ್ನಿರು," ಎಂದು ಅತ್ತೆಯೂ ಬೆರಳು ಎತ್ತಿದರು.

ನನ್ನ ಕೆಮ್ಮು ಕಡಿಮೆಯಾಗಿದೆ, ಅಮ್ಮನಿಗೆ ಹೇಳು. ಅಂಚೆಯವನು ಗೇಟಿಗೆ ಬಂದ, ನಿಲ್ಲಿಸುತ್ತೇನೆ. ಕೋಳಿಮೇವು ಮನೆ ತುಂಬ ಇದೆ. ಆದರೂ ಅತ್ತೆ ಈಗಷ್ಟೇ ತಲೆ ಬಾಚಿಕೊಂಡು, ಗಾಡಿ ತೆಗೆದು, ಓರಿನ್‌ನ ಬೇಲಿಯ ಕಡೆಗೇ ಹೋದರು.

ನಿನ್ನ ಲೋರೀನ್