ಉರ್ಪಿಯ ಉಸಿರು

ಚಾಲ್ಯಪಾಟಾ,
೧೪ ಆಗಸ್ಟ್ ೧೯೮೬, ಗುರುವಾರ

ಪ್ರೀತಿಯ ಅಕ್ಕ ಹಸಿಂತಾ,

ಕುಶಲ ಕೇಳುವಷ್ಟು ಸಮಾಧಾನ ಇವತ್ತು ನನಗಿಲ್ಲ, ಕ್ಷಮಿಸು. ಈ ಪತ್ರವನ್ನು ಒಬ್ಬಳೇ ಇದ್ದಾಗ ಓದು. ಕೊಚಬಾಂಬಾದ ನಿನ್ನ ಬ್ಯೂಟಿ ಪಾರ್ಲರಿನಲ್ಲಿ ಎಲ್ಲರಿಗೂ ಓದಿ ಹೇಳಿ ನಗಬೇಡ. ನಮ್ಮ ಸಹಕಾರ ಸಂಘದೊಳಗೆ ಒಬ್ಬ ದ್ರೋಹಿ ಇದ್ದಾನೆ. ಮೆಲಿತೋನ್ ಮಾವ.

ಹೌದು, ಅಪ್ಪನ ಗೆಳೆಯ. ನನ್ನ ಹೆಸರಿಟ್ಟ ದಿನ ಚರ್ಚಿನಲ್ಲಿ ನನ್ನನ್ನು ಎತ್ತಿಕೊಂಡಿದ್ದವನು, ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುವುದನ್ನು ಕಲಿಸಿದವನು. ‘ಅವರು’ ಎಂದು ಬರೆಯಲು ಇವತ್ತು ಕೈ ಬರುತ್ತಿಲ್ಲ. ಶತ್ರು ಬೇಲಿಯ ಆಚೆಗಿಂತ ಒಲೆಯ ಪಕ್ಕದಲ್ಲೇ ಹೆಚ್ಚು ಬೆಚ್ಚಗೆ ಕೂತಿರುತ್ತಾನೆ ಎಂದು ನಮ್ಮ ಓದುಕೂಟಕ್ಕೆ ಬಂದ ಒಂದು ಕರಪತ್ರದಲ್ಲಿತ್ತು. ಆಗ ನನಗೆ ಅರ್ಥವಾಗಿರಲಿಲ್ಲ.

ಅಪ್ಪನ ಜೊತೆ ಕಣಿವೆಗೆ ಬಿದ್ದ ನಮ್ಮ ಲಾರಿ ಉರ್ಪಿಯನ್ನು ನೀನು ತಗಡಿನ ಮುದ್ದೆಯಾಗಿ ನೋಡಿ ಹೋದವಳು. ಈಗ ನೋಡಿದರೆ ಗುರುತು ಹಿಡಿಯಲಾರೆ. ಮುಚ್ಚಿದ ಗಣಿಯ ಸುರಂಗಕ್ಕೆ ಗಾಳಿ ಊದುತ್ತಿದ್ದ ಯಂತ್ರದಿಂದ ಬಿಚ್ಚಿ ತಂದ ಡೀಸೆಲ್ ಎಂಜಿನ್ ಅದರ ಹೊಟ್ಟೆಯಲ್ಲಿದೆ. ಅದನ್ನು ಕೂರಿಸಲು ಮಾವನೂ ನಾನೂ ಲಾರಿಯ ಅಡಿಯ ಅಡ್ಡಪಟ್ಟಿ ಕತ್ತರಿಸಿ ಬೇರೆ ಕಡೆ ಬೆಸೆದೆವು. ಮೂರು ವರ್ಷ ಹಿಡಿಯಿತು. ಹನ್ನೊಂದು ಮನೆಯವರ ಆಲೂಗಡ್ಡೆ ಈಗ ಆ ಒಂದು ಲಾರಿಯಲ್ಲೇ ಪೊಟೊಸಿಗೆ ಹೋಗುತ್ತದೆ. ಸಾಹುಕಾರ ಅರಾನಿಬಾರನ ಆರು ಲಾರಿಗಳಿಗಿಂತ ಮೊದಲು ತಲುಪಿದರೆ ಮಾರುಕಟ್ಟೆಯ ಬಾಗಿಲ ಬಳಿ ಜಾಗ. ಆಮೇಲೆ ಹೋದರೆ ಅವನು ಬಿಟ್ಟ ಗಿರಾಕಿಗಳೇ ಗತಿ.

ಅದಕ್ಕೇ ಜುಲೈ ಕೊನೆಯಲ್ಲಿ ಡೀಸೆಲ್ ಪಂಪಿನ ಸ್ಕ್ರೂವನ್ನು ಒಂದು ಸುತ್ತು ಒಳಕ್ಕೆ ತಿರುಗಿಸಿದೆ. ಅದು ಒಳಕ್ಕೆ ಹೋದಷ್ಟೂ ಎಂಜಿನ್ನಿಗೆ ಡೀಸೆಲ್ ಜಾಸ್ತಿ, ಏರಿನಲ್ಲಿ ಬಲ ಜಾಸ್ತಿ. ಮಾವ ಬೇಡವೆಂದ. “ಹೊಗೆ ನೋಡಯ್ಯಾ, ಕಾಗೆ ಹಿಂಡು ಎದ್ದಂಗಿದೆ. ಅರಾನಿಬಾರನ್ನ ಸೋಲಿಸೋಕ್ ಮುಂಚೆ ಪಿಸ್ಟನ್ ಸುಟ್ಕೋತೀಯ,” ಎಂದ. ಆದರೂ ಸ್ಕ್ರೂ ಬಿಗಿ ಮಾಡಿ, ಅದರ ಮೇಲೂ ನಟ್ಟಿನ ಮೇಲೂ ಸೇರುವಂತೆ ಕೆಂಪು ಉಗುರುಬಣ್ಣದ ಗೆರೆ ಎಳೆದುಕೊಟ್ಟ. ಯಾರಾದರೂ ತಿರುಗಿಸಿದರೆ ಗೆರೆ ಒಡೆದು ಗೊತ್ತಾಗಬೇಕು, ಅದಕ್ಕೆ.

ಈಗ ಕೇಳು. ಆಗಸ್ಟಿನ ಮೊದಲ ಶನಿವಾರ ಏರಿನಲ್ಲಿ ಉರ್ಪಿ ಏದುಸಿರು ಬಿಟ್ಟಿತು. ಎರಡನೆಯ ಶನಿವಾರ, ಅಪ್ಪ ಹೋದ ಆ ತಿರುವಿನಲ್ಲೇ, ಅರಾನಿಬಾರನ ಲಾರಿ ನನ್ನ ಮುಂದೆ ಇಪ್ಪತ್ತು ಮಾರು ದೂರದಲ್ಲಿತ್ತು. ಪಕ್ಕಕ್ಕೆ ತೆಗೆದು ಹಿಂದೆ ಹಾಕೋಣವೆಂದು ಆಕ್ಸಿಲರೇಟರ್ ಪೂರ್ತಿ ತುಳಿದೆ. ಬಲ ಬರಲಿಲ್ಲ. ಅವನ ಡ್ರೈವರ್ ಕಿಟಕಿಯಿಂದ ಟೋಪಿ ಎತ್ತಿ ತೋರಿಸಿದ.

ಬಂದು ನೋಡಿದರೆ ಕೆಂಪು ಗೆರೆ ನೆಟ್ಟಗಿದೆ. ಆದರೆ ನಾನು ಬೆಂಕಿಕಡ್ಡಿಯಲ್ಲಿ ಗುರುತು ಮಾಡಿ ಅಳತೆ ಇಟ್ಟುಕೊಂಡಿದ್ದೆ. ಸ್ಕ್ರೂ ಕಾಲು ಸುತ್ತಲ್ಲ, ಪೂರ್ತಿ ಒಂದು ಸುತ್ತು ಹೊರಗೆ ಬಂದಿತ್ತು! ತಿರುಗಿಸಿದವನೇ ಹಳೆಯ ಬಣ್ಣ ಕೆರೆದು ಹೊಸದಾಗಿ ಹಚ್ಚಿದ್ದಾನೆ. ನಾನು ಸ್ಕ್ರೂವನ್ನು ಮತ್ತೆ ಒಳಕ್ಕೆ ತಿರುಗಿಸಿಟ್ಟಿದ್ದೇನೆ. ಈ ಊರಲ್ಲಿ ಯಾವ ಸ್ಕ್ರೂ ಎಂದು ಗೊತ್ತಿರುವವರು ಯಾರು? ಉಗುರುಬಣ್ಣ ಇಟ್ಟುಕೊಂಡ ಮೆಕ್ಯಾನಿಕ್ ಯಾರು? ಕಾರ್ನಿವಲ್ ಹಬ್ಬಕ್ಕೆ ಬಂದಾಗ ಆ ಸೀಸೆಯನ್ನು ಅವನಿಗೆ ಕೊಟ್ಟವಳು ನೀನೇ.

ಇನ್ನೂ ಇದೆ. ಆ ಸ್ಕ್ರೂಗೆ ಸರಿಹೊಂದುವ, ಹಿಡಿಗೆ ನೀಲಿ ಬಟ್ಟೆ ಸುತ್ತಿದ ಸ್ಪ್ಯಾನರ್ ಅವನ ಪೆಟ್ಟಿಗೆಯಲ್ಲಿಲ್ಲ. ಎಲ್ಲಿ ಎಂದರೆ “ಯಾರಿಗೋ ಕೊಟ್ಟಿದೀನಿ” ಎಂದ. ಉರ್ಪಿಗೆ ಯಾಕೆ ಹೀಗಾಗುತ್ತಿದೆ ಎಂದರೆ “ಎತ್ತರದ ಗಾಳಿ ತೆಳು ಕಣಯ್ಯ. ಮನುಷ್ಯರಿಗೇ ಉಸಿರು ಸಾಲಲ್ಲ, ಕಬ್ಬಿಣಕ್ಕೆ ಸಾಲ್ತದಾ?” ಎಂದ. ಹೇಳುವಾಗ ನನ್ನ ಮುಖ ನೋಡಲಿಲ್ಲ. ಶೆಡ್ಡಿಗೆ ಸೂಪ್ ತರುತ್ತಿದ್ದ ಅಮ್ಮನ ಕಡೆ ನೋಡಿದ. ಹಸಿವಿದ್ದವನ ಹಾಗೆ ನಟನೆ! ಅರಾನಿಬಾರನ ಪಂಪುಗಳನ್ನು ರಿಪೇರಿ ಮಾಡುವವನೂ ಇವನೇ ಎಂಬುದನ್ನು ಮರೆಯಬೇಡ.

ಅಮ್ಮನ ಹತ್ತಿರ ಮಾತಾಡಿ ಪ್ರಯೋಜನವಿಲ್ಲ. ಆಗಸ್ಟ್‌ನಲ್ಲಿ ಭೂಮಿತಾಯಿ ಬಾಯಿ ತೆರೆಯುತ್ತಾಳಂತೆ, ಅದಕ್ಕೆ ಪ್ರತಿ ಶುಕ್ರವಾರ ಚಕ್ರಗಳಿಗೆ ಮದ್ಯ ಚಿಮುಕಿಸಿ ಧೂಪ ಹಾಕುತ್ತಾಳೆ. ಬಾನೆಟ್ಟನ್ನೂ ಎತ್ತಿಸುತ್ತಾಳೆ. “ಎಂಜಿನ್ನಿಗೂ ಕುಡಿಸ್ಬೇಕು ಕಣೋ. ನಂಬ್ದೆ ಇರೋನು ಎದುರಿಗೆ ನಿಂತ್ರೆ ಪೂಜೆ ಕೆಡ್ತದೆ, ಹೊರಗ್ ನಡಿ,” ಎಂದು ನನ್ನನ್ನು ಅಟ್ಟುತ್ತಾಳೆ. ಆ ಹೊತ್ತಿನಲ್ಲಿ ನಾನು ಹಿತ್ತಲಲ್ಲಿ ಕೂತು ಓದುತ್ತೇನೆ. ಮೂಢನಂಬಿಕೆಗೆ ಸಾಕ್ಷಿಯಾಗಿ ನಿಲ್ಲಲು ನನ್ನಿಂದಾಗದು.

ದೂರನ್ನು ಬರೆದು, ಕಾರ್ಯದರ್ಶಿಯಾಗಿ ಸಹಿ ಮಾಡಿ, ಸಂಘದ ಗೋಡೆಗೆ ಅಂಟಿಸಿದ್ದೇನೆ. ಭಾನುವಾರದ ಸಭೆಯಲ್ಲಿ ಅವನನ್ನು ಸಂಘದಿಂದ, ಶೆಡ್ಡಿನಿಂದ ಹೊರಹಾಕುತ್ತೇವೆ. ನಿನ್ನೆ ಅವನ ಪೆಟ್ಟಿಗೆಯನ್ನು ಗೇಟಿನ ಹೊರಗಿಟ್ಟೆವು. ಎಪ್ಪತ್ತು ದಾಟಿದ ಮುದುಕ ಅದರ ಮೇಲೇ ಕೂತು ಪಕ್ಕದ ಮನೆಯ ಟೊಮಾಸಾಳ ಮೊಮ್ಮಗಳಿಗೆ ಕಡಲೆಕಾಯಿ ಸುಲಿದು ಕೊಡುತ್ತಿದ್ದ. ನಿರಪರಾಧಿ ಹೀಗೆ ಕಡಲೆಕಾಯಿ ಸುಲಿಯುತ್ತಾ ಕೂರುತ್ತಾನೆಯೇ ಹೇಳು.

ನಿನ್ನಿಂದ ಒಂದೇ ಒಂದು ಬೇಕು. ಅಪ್ಪನಿಗೂ ಅವನ ಮೇಲೆ ಅನುಮಾನವಿತ್ತು ಎಂದು ಎರಡು ಸಾಲು ಬರೆದು ಕಳಿಸು, ಸಭೆಯ ಹೊತ್ತಿಗೆ ತಲುಪದಿದ್ದರೂ ಸಂಘದ ಕಡತದಲ್ಲಿರಲಿ. ಇರಲಿಲ್ಲವೆಂದಾದರೆ ನೆನಪು ಮಾಡಿಕೊಂಡು ನೋಡು. ಅಂದಹಾಗೆ, ಅಮ್ಮನಿಗೆ ಬರೆದ ಪ್ರತಿ ಪತ್ರದಲ್ಲೂ “ಲಾರಿ ಏರು ಹೇಗೆ ಹತ್ತುತ್ತಿದೆ” ಎಂದು ಕೇಳುತ್ತೀಯಂತೆ. ನಿನಗೆ ಯಾವಾಗಿನಿಂದ ಲಾರಿಯ ಚಿಂತೆ? ಇದನ್ನೂ ತಿಳಿಸು.

ನಾಳೆ ಮತ್ತೆ ಶುಕ್ರವಾರ. ಶನಿವಾರದ ಓಟಕ್ಕೆ ಮುಂಚೆ ಅವನು ಮತ್ತೆ ಬಂದೇ ಬರುತ್ತಾನೆ; ಕೈಯಾರೆ ಹಿಡಿಯಲೇಬೇಕೆಂದು ಮಧ್ಯಾಹ್ನದಿಂದ ಶೆಡ್ಡಿನ ಚೀಲಗಳ ಹಿಂದೆ ಅಡಗಿರುತ್ತೇನೆ. ಬಸ್ಸು ಶನಿವಾರ ಹೊರಡುತ್ತದೆ, ಪತ್ರ ಅದರಲ್ಲೇ ಬರುತ್ತದೆ.

ಸತ್ಯಕ್ಕೆ ಸದಾ ಬದ್ಧನಾದ
ನಿನ್ನ ತಮ್ಮ
ನೆಮೆಸಿಯೊ

ಮರೆತದ್ದು (ಶುಕ್ರವಾರ ಸಂಜೆ):

ಅಕ್ಕ, ಮಾವ ಬರಲಿಲ್ಲ. ಅಮ್ಮ ಬಂದಳು. ಮದ್ಯ ಚಿಮುಕಿಸಿದಳು, ಧೂಪ ಹಾಕಿದಳು. ಆಮೇಲೆ ಶಾಲಿನೊಳಗಿಂದ ನೀಲಿ ಬಟ್ಟೆಯ ಸ್ಪ್ಯಾನರ್ ತೆಗೆದು, ಮೂವತ್ತು ವರ್ಷ ಅದೇ ಕೆಲಸ ಮಾಡಿದವಳಂತೆ ಸ್ಕ್ರೂವನ್ನು ಹೊರಕ್ಕೆ ತಿರುಗಿಸಿದಳು. ನೀನು ಮನೆಯಲ್ಲಿ ಬಿಟ್ಟುಹೋದ ಇನ್ನೊಂದು ಸೀಸೆಯಿಂದ ಗೆರೆ ಎಳೆದು, ಒಣಗಲೆಂದು ಉಫ್ ಎಂದು ಊದಿದಳು. ತೀರಿಹೋದ ಅಪ್ಪ ಎದುರಿಗೇ ಇದ್ದಂತೆ ಹೇಳಿದಳು: “ನೀನ್ ಮುಂದೆ ಹೋದೆ. ಇವ್ನಾದ್ರೂ ಹಿಂದೇನೇ ಇರ್ಲಿ.” ನಾನು ಚೀಲಗಳ ಹಿಂದಿನಿಂದ ಎದ್ದು ಬರಲಿಲ್ಲ.

ಒಂದು ವಿಷಯ ಬಚ್ಚಿಟ್ಟಿದ್ದೆ. ಅವತ್ತು ಉರ್ಪಿಗೆ ಬಲ ಬಾರದೆ ನಾನು ಹಿಂದೆಯೇ ಉಳಿದ ಕ್ಷಣದಲ್ಲಿ, ತಿರುವಿನ ಆಚೆಯಿಂದ ಗಣಿಯವರ ಬಸ್ಸೊಂದು ಇಳಿದು ಬಂತು. ಪಕ್ಕಕ್ಕೆ ತೆಗೆದಿದ್ದರೆ ನೇರ ಅದರ ಮುಂದೆ.

ದೂರನ್ನು ಕಿತ್ತುಹಾಕಿ ಬಂದೆ. ಪೆಟ್ಟಿಗೆಯನ್ನು ಒಳಗೆ ಹೊತ್ತು ತಂದೆ. ಪ್ರತಿ ಪತ್ರದಲ್ಲೂ ಏರಿನ ಬಗ್ಗೆ ಕೇಳುತ್ತಿದ್ದ ನಿನ್ನ ಹಾಗೆಯೇ ಮಾವನಿಗೂ ಎಲ್ಲ ಗೊತ್ತಿತ್ತು. ಸ್ಪ್ಯಾನರ್ ಕೊಟ್ಟದ್ದೇ ಅವರು. “ಭಾರ ಜಾಸ್ತಿ, ಮೆಲ್ಲಗಿಡು” ಎಂದರು, ಅಷ್ಟೇ. ಭಾನುವಾರ ಸ್ಕ್ರೂ ತಿರುಗಿಸಿದವರು ಯಾರು ಎಂದು ಸಭೆ ಕೇಳುತ್ತದೆ. ನಾನೇ ಎನ್ನುತ್ತೇನೆ. ಕಾರ್ಯದರ್ಶಿ ಸ್ಥಾನ ಹೋಗುತ್ತದೆ, ಹೋಗಲಿ. ನನ್ನ ಬಾಯಿಂದ ಸಭೆಯಲ್ಲಿ ಬರುವ ಮೊದಲ ಸುಳ್ಳು ಅದು.

ಸೀಸೆಯಲ್ಲಿ ಬಣ್ಣ ತಳ ಮುಟ್ಟಿದೆ. ಮುಂದಿನ ಸಲ ಬರುವಾಗ ಅದೇ ಕೆಂಪಿನ ಇನ್ನೊಂದು ತಾ. ಅಮ್ಮನ ಪೆಟ್ಟಿಗೆಯಲ್ಲಿಡು, ನನಗೆ ತೋರಿಸಬೇಡ.